ದರಗನ್ನು ಸುಡಬೇಡಿ

ಪ್ರಶ್ನೆ: ಮೂರು ತಿಂಗಳು ಮಗಳ ಮನೆಯಲ್ಲಿದ್ದು ಈಗ ಬಂದೆ. ಅಂಗಳದ ಗರಿಕೆ ಲಾನ್ ಕಳೆಯ ಜೊತೆ ಮೊಣಕಾಲುದ್ದ ಬೆಳೆದಿದೆ. ಮೇಲೆ ಬಾದಾಮಿ ಮರದ ಎಲೆ ಬೇರೆ. ಹುಲ್ಲು ಕತ್ತರಿಸುವ ಕರೆಂಟಿನ ಮೋವರ್ ಎರಡು ಹೆಜ್ಜೆಗೇ ನಿಂತುಬಿಡುತ್ತದೆ. ಎಲೆ ಗುಡಿಸಿ ಸುಟ್ಟುಬಿಡಲೇ?
– ಓದುಗರೊಬ್ಬರು, ಮೈಸೂರು

ಉತ್ತರ: ದಯವಿಟ್ಟು ಸುಡಬೇಡಿ ಅಮ್ಮ. ನಾನು ಹುಟ್ಟಿದ್ದು ಮಲೆನಾಡಿನ ಸಾಗರದ ಕಡೆ. ಅಲ್ಲಿ ಒಣಗಿದ ಎಲೆಗೆ ದರಗು ಅಂತಾರೆ. ಬೇಸಿಗೆಯಲ್ಲಿ ಗುಡಿಸಿ ತಂದು ಕೊಟ್ಟಿಗೆಗೆ ಹಾಸಿದರೆ, ಅದೇ ಗೊಬ್ಬರವಾಗಿ ತೋಟ ಸೇರುತ್ತಿತ್ತು. ನಿಮ್ಮ ಬಾದಾಮಿ ಎಲೆಯೂ ದರಗೇ ಅಲ್ವಾ?

ಸದ್ಯಕ್ಕೆ ಎಲೆಯನ್ನು ಒಂದು ಮೂಲೆಗೆ ಎಳೆದಿಡಿ. ಮೊದಲು ಕೋಲಿನಿಂದ ಹುಲ್ಲು ಬಡಿದು ನೋಡಿ. ಹಾವು ಇರಬಹುದು, ಕಲ್ಲು, ತೆಂಗಿನ ಚಿಪ್ಪು, ನೀರಿನ ಪೈಪೂ ಇರಬಹುದು. ಆಮೇಲೆ ಕುಡುಗೋಲಿನಿಂದ ಒಂದು ಗೇಣು ಬಿಟ್ಟು ಕೊಯ್ಯಿಸಿ. ಒಂದೇ ದಿನ ಬುಡಕ್ಕೆ ಇಳಿಸಬೇಡಿ. ಒಮ್ಮೆ ನಾನು ಹಾಗೆ ಮಾಡಿ, ಅಂಗಳ ವಾರಗಟ್ಟಲೆ ಒಣಹುಲ್ಲಿನ ಬಣ್ಣದಲ್ಲೇ ಇತ್ತು. ಎತ್ತರದ ಹುಲ್ಲಿನಲ್ಲಿ ಹಸಿರು ಇರುವುದು ಮೇಲೆ ಮಾತ್ರ. ಕೆಳಗೆ ಬೆಳಕು ಕಾಣದ ಬಿಳಿ ಕಡ್ಡಿ. ಪೂರ್ತಿ ಕತ್ತರಿಸಿದರೆ ಅದಕ್ಕೆ ಊಟವೇ ಇಲ್ಲ.

ವಾರ ಬಿಟ್ಟು ಮೋವರ್ ತೆಗೆಯಿರಿ. ಬ್ಲೇಡಿಗೆ ಸಾಣೆ ಹಿಡಿಸಿ. ಮೊಂಡಾದರೆ ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ, ತುದಿಯೆಲ್ಲ ಬೆಳ್ಳಗಾಗುತ್ತದೆ. ಎತ್ತರವನ್ನು ಅತಿ ಮೇಲಿನ ಮಟ್ಟಕ್ಕಿಟ್ಟು, ಇಬ್ಬನಿ ಆರಿದ ಮೇಲೆ, ಪ್ರತಿ ಸಲ ಮೋವರಿನ ಅರ್ಧ ಅಗಲಕ್ಕೆ ಮಾತ್ರ ಹುಲ್ಲು ಸಿಗುವ ಹಾಗೆ ಓಡಿಸಿ. ಆಗ ಮೋಟಾರಿಗೆ ಭಾರ ಬೀಳುವುದಿಲ್ಲ. ಕೆಳಗೆ ಹುಲ್ಲು ಮೆತ್ತಿದರೆ ಪ್ಲಗ್ ಕಿತ್ತ ಮೇಲೆಯೇ ಕೈ ಹಾಕಬೇಕು, ಇದೊಂದು ಮರೆಯಬೇಡಿ. ಮುಂದೆ ಯಾವಾಗಲೂ ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗ ಕತ್ತರಿಸಿದರೆ ಸಾಕು.

ಕುಡುಗೋಲಲ್ಲಿ ಕೊಯ್ದ ಉದ್ದ ಹುಲ್ಲನ್ನು ಲಾನಿನ ಮೇಲೆ ಬಿಟ್ಟರೆ ಮುದ್ದೆಯಾಗಿ ಕೊಳೆಯುತ್ತದೆ. ಅರ್ಧ ದರಗಿನ ಜೊತೆ ಗೊಬ್ಬರದ ಗುಂಡಿಗೆ ಹಾಕಿ.

ಉಳಿದ ದರಗನ್ನು ಲಾನ್ ಚೊಕ್ಕಟವಾದ ಮೇಲೆ ತೆಳುವಾಗಿ ಹರಡಿ, ಮೋವರಿನ ಹುಲ್ಲು ಹಿಡಿಯುವ ಬುಟ್ಟಿ ತೆಗೆದು, ಅದರ ಹಿಂಬದಿಯ ಮುಚ್ಚಳ ಹಾಕಿ ಓಡಿಸಿ. ಮತ್ತೆ ಅಡ್ಡಡ್ಡ ಒಂದು ಸುತ್ತು. ಎಲೆ ಕೈಯಲ್ಲಿ ಹಪ್ಪಳದ ಹಾಗೆ ಮುರಿಯುವಷ್ಟು ಒಣಗಿರಬೇಕು. ಹಸಿ ಇದ್ದರೆ ಹಾಳೆಹಾಳೆಯಾಗಿ ಅಂಟುತ್ತದೆ. ಚೂರು ಉಗುರಿನಷ್ಟಾದರೆ ಸಾಕು. ಸಂದಿನಲ್ಲಿ ಹಸಿರು ಚೆನ್ನಾಗಿ ಕಾಣಬೇಕು. ಕಾಣದಿದ್ದರೆ ಜಾಸ್ತಿಯಾಯಿತು ಅಂತ ತಿಳಿದು ಗಿಡಗಳ ಬುಡಕ್ಕೆ ಎಳೆಯಿರಿ. ತೆಂಗಿನ ಗರಿಯನ್ನು ಮಾತ್ರ ಮೋವರ್ ಕೆಳಗೆ ಹಾಕಲೇಬೇಡಿ.