ಬಿಟ್ಟರೂ ಹೆದರಿಕೆ, ನುಂಗಿದರೂ ಹೆದರಿಕೆ: ಒಂದು ಗ್ಯಾಸ್ಟ್ರಿಕ್ ಮಾತ್ರೆಯ ಪ್ರಕರಣ

ಈ ಪ್ರಕರಣವನ್ನು ಆ ಕುಟುಂಬದ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ. ಎದುರಿಗೆ ಕೂತಾಗ ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಇಲ್ಲಿಯೂ ಹಾಗೇ ಇರಲಿ.

ಅಕ್ಕನದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ವಯಸ್ಸು ಅರವತ್ತರ ಹತ್ತಿರ. ಶಿವಮೊಗ್ಗಕ್ಕೆ ಕೊಟ್ಟ ಮಗಳು ಅವರನ್ನು ನನ್ನಲ್ಲಿಗೆ ಕರೆತಂದಳು. "ನಿದ್ದೆ ಇಲ್ಲ ಮೇಡಂ. ರಾತ್ರಿ ಎದ್ದು ಮಾತ್ರೆ ಡಬ್ಬಿ ತೆಗೆದು ನೋಡ್ತಾರೆ, ಮತ್ತೆ ಮುಚ್ಚಿಡ್ತಾರೆ. ಕೇಳಿದ್ರೆ ಎಂತದೂ ಇಲ್ಲ ಅಂತಾರೆ." ಮಗಳು ಹೊರಗೆ ಹೋದ ಮೇಲೆಯೇ ಅಕ್ಕ ಬಾಯಿ ಬಿಟ್ಟಿದ್ದು.

ಏಳೆಂಟು ವರ್ಷದಿಂದ ಪ್ರತಿದಿನ ಬೆಳಿಗ್ಗೆ ಅವರು ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ ಮಾತ್ರೆ ನುಂಗುತ್ತಿದ್ದರು. ಮನೆಯಲ್ಲಿ ಅದರ ಹೆಸರು 'ಗ್ಯಾಸ್ಟ್ರಿಕ್ ಮಾತ್ರೆ' ಅಷ್ಟೇ. ಬೆಂಗಳೂರಿನಲ್ಲಿರುವ ಮಗ ಒಂದು ದಿನ ವಾಟ್ಸಾಪಿನಲ್ಲಿ ವಿಡಿಯೊ ಕಳಿಸಿದ. ಈ ಮಾತ್ರೆ ವರ್ಷಗಟ್ಟಲೆ ತಿಂದರೆ ಕಿಡ್ನಿ ಹೋಗುತ್ತದೆ, ಮೂಳೆ ಟೊಳ್ಳಾಗುತ್ತದೆ, ಮರೆವಿನ ಕಾಯಿಲೆ ಬರುತ್ತದೆ ಎಂದು ಅದರಲ್ಲಿತ್ತು. ಕಿಡ್ನಿ, ಮೂಳೆಯ ಮಾತು ಅಕ್ಕನಿಗೆ ಅಷ್ಟು ತಟ್ಟಲಿಲ್ಲ. ಮರೆವಿನ ಮಾತು ತಟ್ಟಿತು. ಅವರ ತಾಯಿ ಕೊನೆಯ ವರ್ಷಗಳಲ್ಲಿ ಹೆತ್ತ ಮಗಳನ್ನೇ ಗುರುತು ಹಿಡಿಯುತ್ತಿರಲಿಲ್ಲ. ಅಂದೇ ಮಾತ್ರೆಯ ಪಟ್ಟಿಗಳನ್ನೆಲ್ಲ ಗೊಬ್ಬರದ ಗುಂಡಿಗೆ ಎಸೆದರು.

ವಾರ ಕಳೆಯುವುದರೊಳಗೆ ಎದೆಯುರಿ ಶುರುವಾಯಿತು. ಮಾತ್ರೆ ಶುರುಮಾಡುವ ಮೊದಲೂ ಇಷ್ಟು ಉರಿ ಇರಲಿಲ್ಲವಂತೆ. ಹುಳಿತೇಗು, ಗಂಟಲಿಗೆ ಬರುವ ಕಹಿನೀರು, ಮಲಗಿದರೆ ಎದೆಯ ನಡುವೆ ಕೆಂಡ. ಅವರ ಮೈದುನರೊಬ್ಬರು ಎಲೆಅಡಿಕೆ, ಹೊಗೆಸೊಪ್ಪು ಹಾಕುತ್ತಿದ್ದವರು, ಅನ್ನನಾಳದ ಕ್ಯಾನ್ಸರಿನಲ್ಲಿ ತೀರಿಕೊಂಡಿದ್ದರು. ತನಗೂ ಅದೇ ಬಂತು ಎಂದು ಅಕ್ಕ ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡರು. ಯಾರಿಗೂ ಹೇಳದೆ ಮತ್ತೆ ಮಾತ್ರೆ ತರಿಸಿಕೊಂಡರು, ಕದ್ದು ನುಂಗಿದರು. ನುಂಗಿದ ರಾತ್ರಿ ಮರೆವಿನ ಹೆದರಿಕೆ, ನುಂಗದ ರಾತ್ರಿ ಕ್ಯಾನ್ಸರಿನ ಹೆದರಿಕೆ.

ನಾನು ಆಪ್ತಸಲಹೆ ಕೊಡುವವಳು, ವೈದ್ಯೆಯಲ್ಲ, ಮಾತ್ರೆಯ ಪ್ರಮಾಣ ಹೇಳುವುದು ನನ್ನ ಕೆಲಸವೂ ಅಲ್ಲ. ಆದರೆ ಹೆದರಿಕೆಯ ಬೇರು ತಪ್ಪು ತಿಳಿವಳಿಕೆಯಲ್ಲಿದ್ದರೆ ಬರೀ ಸಮಾಧಾನದ ಮಾತಿನಿಂದ ಅದು ಹೋಗುವುದಿಲ್ಲ. ಹಾಗಾಗಿ ಮೊದಲು ಕೇಳಬೇಕಾದದ್ದನ್ನು ಕೇಳಿದೆ. ನುಂಗುವಾಗ ಅನ್ನ ಸಿಕ್ಕಿಕೊಳ್ಳುತ್ತದೆಯೇ? ಮಲ ಟಾರಿನ ಹಾಗೆ ಕಪ್ಪಗೆ ಹೋಗಿದೆಯೇ? ರಕ್ತ ವಾಂತಿ? ಕಾರಣವಿಲ್ಲದೆ ತೂಕ ಇಳಿದಿದೆಯೇ? ಗುಡ್ಡ ಹತ್ತುವಾಗ, ಹೊರೆ ಹೊತ್ತಾಗ ಎದೆ ಹಿಡಿಯುತ್ತದೆಯೇ? ಯಾವುದೂ ಇರಲಿಲ್ಲ. ಇದರಲ್ಲಿ ಒಂದಕ್ಕೆ ಹೌದು ಎಂದಿದ್ದರೂ ನಮ್ಮ ಮಾತುಕತೆ ಅಲ್ಲಿಗೆ ನಿಲ್ಲಬೇಕಿತ್ತು, ಅವರು ಆಸ್ಪತ್ರೆಗೆ ಹೋಗಬೇಕಿತ್ತು. ಕೊನೆಯ ಪ್ರಶ್ನೆಯನ್ನು ನಾನು ಎಲ್ಲರಿಗೂ ಕೇಳುತ್ತೇನೆ. ನಮ್ಮ ಮಲೆನಾಡಿನ ಒಂಟಿ ಮನೆಗಳಲ್ಲಿ ಎದೆನೋವು ಬಂದರೆ 'ಗ್ಯಾಸ್ಟ್ರಿಕ್ ಆಗಿದೆ' ಎಂದು ಜೀರಿಗೆ ಕಷಾಯ ಕುಡಿದು ಬೆಳಗಾಗಲಿ ಎಂದು ಕಾಯುವವರು ಬಹಳ. ಹೃದಯಾಘಾತವಾಗಿದ್ದರೆ ಹಾಗೆ ಕಾದ ಹೊತ್ತು ತಿರುಗಿ ಬರುವುದಿಲ್ಲ. ಬೆವರು, ಉಸಿರುಕಟ್ಟು, ದವಡೆಗೋ ಎಡಗೈಗೋ ಹರಿಯುವ ನೋವು ಜೊತೆಗಿದ್ದರೆ ನಡುರಾತ್ರಿಯಾದರೂ ಜೀಪು ಹತ್ತಿಸಬೇಕು.

ಆಮೇಲೆ ಕೇಳಿದ್ದು ಒಂದೇ: "ಅಕ್ಕ, ಈ ಮಾತ್ರೆ ನಿಮಗೆ ಯಾಕೆ ಶುರುಮಾಡಿದ್ರು?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮಂಡಿನೋವಿಗೆ ಮಾತ್ರೆ ಕೊಟ್ಟಿದ್ರು. ಅದು ಹೊಟ್ಟೆಗೆ ತ್ರಾಸು, ಇದೂ ಜೊತೆಗೆ ತಗೊಳ್ಳಿ ಅಂದ್ರು" ಎಂದರು. ಮಂಡಿನೋವಿನ ಮಾತ್ರೆ ಕೆಲವು ತಿಂಗಳಿಗೇ ನಿಂತಿತ್ತು. ಅದರಿಂದ ಹೊಟ್ಟೆಯನ್ನು ಕಾಯಲು ಬಂದ ಮಾತ್ರೆ ಮಾತ್ರ ನಿಲ್ಲಲಿಲ್ಲ. ಹಳೆಯ ಚೀಟಿ ತೋರಿಸಿದರೆ ಮೆಡಿಕಲ್ ಶಾಪಿನಲ್ಲಿ ಸಿಗುತ್ತಿತ್ತು. ಅಷ್ಟು ವರ್ಷ ಅಕ್ಕನೂ ಕೇಳಲಿಲ್ಲ, ಕೊಟ್ಟವರೂ ಕೇಳಲಿಲ್ಲ, ನಡುವೆ ಸಕ್ಕರೆ ಕಾಯಿಲೆಗೆಂದು ನೋಡಿದವರೂ ಕೇಳಲಿಲ್ಲ. ನನಗೆ ಸಂಕಟವಾಗುವುದು ಇಲ್ಲಿ. ಮಾತ್ರೆಯ ಗುಣದೋಷದ ಚರ್ಚೆ ಎಷ್ಟು ಬೇಕಾದರೂ ನಡೆಯಲಿ, 'ಇದು ನನಗೆ ಯಾಕೆ, ಎಲ್ಲಿಯವರೆಗೆ' ಎಂಬ ಪ್ರಶ್ನೆ ಕೇಳುವ ಧೈರ್ಯ ನಮ್ಮ ಹೆಂಗಸರಿಗೆ ಯಾರೂ ಕೊಟ್ಟಿಲ್ಲ.

ಉರಿ ಜಾಸ್ತಿಯಾದದ್ದಕ್ಕೆ ಕಾರಣ ವಿವರಿಸಿದೆ. ಈ ಮಾತ್ರೆ ಜಠರದಲ್ಲಿ ಆಮ್ಲ ಸುರಿಸುವ ಪಂಪುಗಳನ್ನು ತಡೆಯುತ್ತದೆ. ಆಮ್ಲ ಕಡಿಮೆಯಾಯಿತೆಂದು ದೇಹ ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ, ಆಮ್ಲ ತಯಾರಿಸುವ ಶಕ್ತಿಯೂ ಬೆಳೆಯುತ್ತದೆ. ಬೇಸಿಗೆಯಲ್ಲಿ ಹಳ್ಳಕ್ಕೆ ಹಾಕಿದ ಕಟ್ಟನ್ನು ಒಮ್ಮೆಲೇ ಕಿತ್ತರೆ ನೀರು ನುಗ್ಗುವ ಹಾಗೆ, ಮಾತ್ರೆ ಥಟ್ಟನೆ ನಿಂತರೆ ಆಮ್ಲ ನುಗ್ಗುತ್ತದೆ. ಕೆಲವು ವಾರಗಳಲ್ಲಿ ಅದು ಇಳಿಯುತ್ತದೆ. 2009ರಲ್ಲಿ ಡೆನ್ಮಾರ್ಕಿನಲ್ಲಿ ಎದೆಯುರಿಯೇ ಇಲ್ಲದ 120 ಆರೋಗ್ಯವಂತರ ಮೇಲೆ ಪರೀಕ್ಷೆ ಮಾಡಿದರು. ಅರ್ಧ ಜನರಿಗೆ ಎಂಟು ವಾರ ಇದೇ ಗುಂಪಿನ ಮಾತ್ರೆ ಕೊಟ್ಟು ನಿಲ್ಲಿಸಿದಾಗ, ಅವರಲ್ಲಿ ಶೇ. 44 ಮಂದಿಗೆ ಎದೆಯುರಿ, ಹುಳಿತೇಗಿನಂಥ ತೊಂದರೆ ಕಾಣಿಸಿಕೊಂಡಿತು. ಔಷಧದ ಅಂಶವೇ ಇಲ್ಲದ ಹುಸಿಮಾತ್ರೆ ತಿಂದವರಲ್ಲಿ ಅದು ಶೇ. 15.

"ಹಂಗಾದ್ರೆ ಉರಿ ಬಂದಿದ್ದು ಕಾಯಿಲೆ ಬಂದಿದ್ದಕ್ಕಲ್ವಾ?" ಎಂದು ಅಕ್ಕ ಮುಂದೆ ಬಾಗಿ ಕೇಳಿದರು. ಮಾತ್ರೆ ನಿಲ್ಲಿಸಿದ ರೀತಿಗೇ ಬಂದಿರಬಹುದು, ಆದರೆ ಅದನ್ನು ನೋಡಿ ಹೇಳಬೇಕಾದವರು ವೈದ್ಯರು ಎಂದೆ.

ಮಾತಿನ ಮಧ್ಯೆ ಅಕ್ಕ ಸಹಜವಾಗಿ ಇನ್ನೊಂದು ವಿಷಯ ಹೇಳಿದರು: "ನಮ್ಮನೆಯವರದ್ದೂ ಎಸೆದೆ. ಅವರಿಗೂ ಕಿಡ್ನಿ ಹಾಳಾಗೂದು ಬೇಡ ಅಂತ." ಅವರ ಯಜಮಾನರಿಗೆ ಎಪ್ಪತ್ತರ ಮೇಲೆ ವಯಸ್ಸು. ಹಿಂದಿನ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡನ್ನೂ ತೆಗೆದುಕೊಳ್ಳುವವರು. ಈ ಎರಡು ಮಾತ್ರೆ ಒಟ್ಟಿಗೆ ಇದ್ದಾಗ, ಅದೂ ಈ ವಯಸ್ಸಿನಲ್ಲಿ, ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಅಪಾಯ ಹೆಚ್ಚು. ಅದನ್ನು ತಡೆಯಲೆಂದೇ ಹೃದಯದ ವೈದ್ಯರು ಗ್ಯಾಸ್ಟ್ರಿಕ್ ಮಾತ್ರೆ ಬರೆದಿರುತ್ತಾರೆ. ನಾನು ಸಲಹೆಯ ಮಾತು ಅಲ್ಲಿಗೇ ನಿಲ್ಲಿಸಿ ಮಗಳನ್ನು ಒಳಗೆ ಕರೆದೆ, ಅಪ್ಪನ ವೈದ್ಯರಿಗೆ ಅಲ್ಲಿಂದಲೇ ಫೋನ್ ಮಾಡಿಸಿದೆ. ಇಂದೇ ಮತ್ತೆ ಶುರುಮಾಡಿ, ಬೇರೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ, ಮಲ ಕಪ್ಪಗೆ ಹೋದರೆ ತಕ್ಷಣ ಬನ್ನಿ ಎಂದು ವೈದ್ಯರು ಹೇಳಿದರು. ಪುಣ್ಯಕ್ಕೆ ಏನೂ ಆಗಿರಲಿಲ್ಲ. ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರು ಇದೇ ಗುಂಪಿನ ಇನ್ನೊಂದು ಗ್ಯಾಸ್ಟ್ರಿಕ್ ಮಾತ್ರೆಯಾದ ಒಮೆಪ್ರಜೋಲನ್ನು ಜೊತೆಗೆ ಸೇರಿಸಬಾರದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲೇ ಎಚ್ಚರಿಸಿದೆ. ಇವರಿಗೆ ಇದ್ದದ್ದು ಪ್ಯಾಂಟೊಪ್ರಜೋಲ್. ಅಂಗಡಿಯಲ್ಲಿ 'ಅದಿಲ್ಲ, ಇದು ತಗೊಳ್ಳಿ' ಎಂದರೆ ಸುಮ್ಮನೆ ತರಬೇಡಿ ಎಂದು ಮಗಳಿಗೆ ಹೇಳಿದೆ.

ಒಂದೇ ಮನೆ, ಒಂದೇ ಮಾತ್ರೆ. ಹೆಂಡತಿಗೆ ಬಹುಶಃ ಬೇಡವಾಗಿತ್ತು, ಗಂಡನಿಗೆ ಬೇಕೇ ಬೇಕಿತ್ತು. ಹಿಂದೆ ಹುಣ್ಣಾಗಿ ರಕ್ತ ಹೋಗಿದ್ದವರು, ಅನ್ನನಾಳ ಆಮ್ಲದಿಂದ ತೀವ್ರವಾಗಿ ಗಾಯವಾದವರು, ಅದರ ಒಳಪೊರೆಯೇ ಬದಲಾಗಿದೆ ಎಂದು ಎಂಡೊಸ್ಕೋಪಿಯಲ್ಲಿ ತಿಳಿದವರು ಕೂಡ ತಾವಾಗಿ ಬಿಡುವಂತಿಲ್ಲ. ಆ ವಿಡಿಯೊದಲ್ಲಿ ಈ ಮಾತು ಒಂದೂ ಇರಲಿಲ್ಲ.

ಮರೆವಿನ ವಿಷಯಕ್ಕೆ ಎರಡನೇ ಭೇಟಿಯನ್ನೇ ಮೀಸಲಿಟ್ಟೆ. 2016ರಲ್ಲಿ ಜರ್ಮನಿಯ ವಿಮಾ ದಾಖಲೆಗಳನ್ನು ನೋಡಿದ ಸಂಶೋಧಕರಿಗೆ, ಈ ಮಾತ್ರೆ ತಿನ್ನುವ ವೃದ್ಧರಲ್ಲಿ ಮರೆವಿನ ಕಾಯಿಲೆ ಹೆಚ್ಚು ಕಂಡಿದ್ದು ನಿಜ. ಆದರೆ ಇಂಥ ಮಾತ್ರೆ ತಿನ್ನುವವರಲ್ಲಿ ಮೊದಲೇ ಬೇರೆ ಬೇರೆ ಕಾಯಿಲೆಗಳಿರುತ್ತವೆ. ಎರಡೂ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಎನ್ನಲಾಗದು. ನಂತರದ ಅಧ್ಯಯನಗಳು ಒಂದೇ ಮಾತು ಹೇಳುತ್ತಿಲ್ಲ. 2019ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ 17,598 ಜನರಲ್ಲಿ ಕೆಲವರಿಗೆ ಪ್ಯಾಂಟೊಪ್ರಜೋಲ್ 40, ಉಳಿದವರಿಗೆ ಹುಸಿಮಾತ್ರೆ ಕೊಟ್ಟು ಸುಮಾರು ಮೂರು ವರ್ಷ ಗಮನಿಸಿದರು. ಮೂಳೆ ಮುರಿತ, ಕಿಡ್ನಿ ಕಾಯಿಲೆ, ಮರೆವು ಯಾವುದರಲ್ಲೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕರುಳಿನ ಸೋಂಕು ಮಾತ್ರ ಮಾತ್ರೆಯವರಲ್ಲಿ ಹೆಚ್ಚು: ಶೇ. 1.4, ಉಳಿದವರಲ್ಲಿ ಶೇ. 1. ಮೂರು ವರ್ಷದ ಲೆಕ್ಕ ಎಂಟು ವರ್ಷಕ್ಕೆ ಪೂರಾ ಉತ್ತರವಲ್ಲ ಎಂಬುದನ್ನೂ ಅಕ್ಕನಿಗೆ ಮುಚ್ಚಿಡಲಿಲ್ಲ.

ಹಾಗೆಂದು ಏನೂ ಆಗುವುದಿಲ್ಲ ಎನ್ನುವುದೂ ಸುಳ್ಳೇ. ಅಮೆರಿಕದ ಅದೇ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿ ಮೂಳೆ ಮುರಿತದ ಬಗ್ಗೆ, 2011ರಲ್ಲಿ ರಕ್ತದಲ್ಲಿ ಮೆಗ್ನೀಸಿಯಂ ಇಳಿಯುವುದರ ಬಗ್ಗೆ, 2012ರಲ್ಲಿ ಒಂದು ಬಗೆಯ ತೀವ್ರ ಅತಿಸಾರದ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಅಪರೂಪಕ್ಕೆ ಕಿಡ್ನಿಗೆ ಉರಿಯೂತ ಬರುವುದೂ ಉಂಟು. ಅಕ್ಕನ ಮಟ್ಟಿಗೆ ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಂಡಿದ್ದು ಬಿ12 ಎಂಬ ವಿಟಮಿನ್ನಿನ ಕೊರತೆ. ಆಹಾರದಿಂದ ಬಿ12 ಬಿಡಿಸಿಕೊಳ್ಳಲು ಜಠರದ ಆಮ್ಲ ಬೇಕು. ಅಕ್ಕ ಸಸ್ಯಾಹಾರಿ, ಎಂಟು ವರ್ಷ ಆಮ್ಲ ತಗ್ಗಿಸುವ ಮಾತ್ರೆ, ಮೇಲಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್. ಅದೂ ಬಿ12 ಇಳಿಸುತ್ತದೆ. ಬಿ12 ತೀರಾ ಕಡಿಮೆಯಾದರೆ ಕೈಕಾಲು ಜೋಮು ಹಿಡಿಯುತ್ತದೆ, ಸುಸ್ತಾಗುತ್ತದೆ, ಮರೆವೂ ಬರುತ್ತದೆ. ಆದರೆ ಈ ಕೊರತೆ ರಕ್ತಪರೀಕ್ಷೆಯಲ್ಲಿ ಸಿಗುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ಅಂಗಾಲು ಜುಮುಗುಡುತ್ತದೆ ಎಂದು ಅಕ್ಕ ಆಗ ಹೇಳಿದರು. ಗದ್ದೆ ಅಂಚಿನಲ್ಲಿ ಓಡಾಡಿದ್ದಕ್ಕೆ ಎಂದುಕೊಂಡಿದ್ದರಂತೆ.

ವೈದ್ಯರ ಬಳಿಗೆ ಹೋಗುವ ಮುನ್ನ ಅವರ ಕೈಯಿಂದಲೇ ಒಂದು ಹಾಳೆಯಲ್ಲಿ ಪ್ರಶ್ನೆ ಬರೆಸಿದೆ. ಈ ಮಾತ್ರೆಗೆ ಕಾರಣ ಈಗಲೂ ಇದೆಯೇ? ಇಲ್ಲದಿದ್ದರೆ ಹೇಗೆ ಇಳಿಸಬೇಕು? ಉರಿ ಬಂದ ದಿನ ಏನು ತೆಗೆದುಕೊಳ್ಳಲಿ? ಬಿ12, ಮೆಗ್ನೀಸಿಯಂ, ಕಿಡ್ನಿ ಪರೀಕ್ಷೆ ಬೇಕೇ? ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಲು ಹೇಳಿದೆ. ಕದ್ದು ನುಂಗಿದ್ದನ್ನೂ ಹೇಳಿ, ವೈದ್ಯರು ಬೈಯುವುದಿಲ್ಲ ಎಂದು ಧೈರ್ಯ ತುಂಬಿದೆ.

ಎಂಡೊಸ್ಕೋಪಿಯಲ್ಲಿ ಹುಣ್ಣಾಗಲಿ ಗಂಟಾಗಲಿ ಇರಲಿಲ್ಲ. ಬಿ12 ಕಡಿಮೆ ಇತ್ತು, ಚಿಕಿತ್ಸೆ ಶುರುವಾಯಿತು. ಕಿಡ್ನಿ ಸರಿಯಿತ್ತು. ಮಾತ್ರೆಯನ್ನು 40ರಿಂದ 20ಕ್ಕೆ, ಆಮೇಲೆ ದಿನ ಬಿಟ್ಟು ದಿನಕ್ಕೆ ಇಳಿಸಿ, ನಡುವೆ ಉರಿ ಬಂದರೆ ಆಮ್ಲಶಾಮಕ ದ್ರವ ಕುಡಿಯಲು ಹೇಳಿದರು. ಒಮ್ಮೆಲೇ ಬಿಡಿಸುವ ವೈದ್ಯರೂ ಇದ್ದಾರೆ, ಎರಡಕ್ಕೂ ಒಪ್ಪಿಗೆಯಿದೆ. ಉರಿ ಕಂಡರೆ ಕ್ಯಾನ್ಸರ್ ಎಂದು ನಡುಗುವ ಅಕ್ಕನಂಥವರಿಗೆ ನಿಧಾನದ ದಾರಿಯೇ ವಾಸಿ ಎಂಬುದು ನನ್ನ ಅನುಭವ.

ಊಟದ ವಿಷಯದಲ್ಲಿ ಮನೆಯವರೆಲ್ಲ ಅಕ್ಕನ ಮೇಲೆ ಮುಗಿಬಿದ್ದಿದ್ದರು. ಅಪ್ಪೆಮಿಡಿ ಬಿಡು, ಕಾಫಿ ಬಿಡು, ಕಡುಬು ಬಿಡು. ಯಾರಿಗೆ ಯಾವುದು ಆಗುವುದಿಲ್ಲ ಎಂಬುದು ಒಬ್ಬೊಬ್ಬರಿಗೆ ಒಂದೊಂದು ಥರ. ತಿಂದು ನೋಡಿ, ಉರಿ ತಂದದ್ದನ್ನು ಮಾತ್ರ ಬಿಡಿ ಎಂದೆ. ನಿಜವಾದ ತೊಂದರೆ ಇದ್ದದ್ದು ಹೊತ್ತಿನಲ್ಲಿ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವವರ ಜೊತೆ ರಾತ್ರಿ ಹತ್ತೂವರೆ ತನಕ ಕೂತು, ನಡುನಡುವೆ ಚಾ ಕುಡಿದು, ಎಲ್ಲರಿಗೂ ಬಡಿಸಿ ಕೊನೆಗೆ ತಾನುಂಡು, ಕೈ ತೊಳೆದವರೇ ಮಲಗುತ್ತಿದ್ದರು. ಮಲಗುವ ಮೂರು ಗಂಟೆ ಮೊದಲು ಊಟ ಎಂದು ನಾನು ಹೇಳಿದರೆ ಅದು ಅಕ್ಕನ ಕೈಯಲ್ಲಿಲ್ಲ, ಮನೆಯವರು ಒಪ್ಪಬೇಕು. ಹಾಗಾಗಿ ಯಜಮಾನರನ್ನೂ ಕೂರಿಸಿಕೊಂಡು ಮಾತಾಡಿದೆ. ಎಂಟು ಗಂಟೆಗೆ ಅಕ್ಕನ ಊಟ, ಆಮೇಲೆ ಬೇಕಾದವರು ಬಡಿಸಿಕೊಳ್ಳುವುದು ಎಂದಾಯಿತು. ಮಂಚದ ತಲೆಯ ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟರು. ಎಡಮಗ್ಗುಲಿಗೆ ಮಲಗುವ ಅಭ್ಯಾಸ ಮಾಡಿಕೊಂಡರು. ಉರಿಗೆಂದು ದಿನಾ ಅಡುಗೆ ಸೋಡಾ ಕಲಸಿ ಕುಡಿಯುತ್ತಿದ್ದುದನ್ನು ನಿಲ್ಲಿಸಿದರು. ಅದರ ಸೋಡಿಯಂ ಬಿಪಿಗೆ ಒಳ್ಳೆಯದಲ್ಲ. ಎಲೆಅಡಿಕೆ ಕಡಿಮೆಯಾಗಿದೆ, ಬಿಟ್ಟಿಲ್ಲ. ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದೆ. ಅಡಿಕೆಯಿಂದಲೇ ಬದುಕುವ ಮನೆಯಲ್ಲಿ ಈ ಮಾತು ಹೇಳುವುದು ಕಷ್ಟ, ಆದರೂ ಹೇಳಿದೆ.

ಮಗನೊಂದಿಗೆ ಫೋನಿನಲ್ಲಿ ಮಾತಾಡಿದೆ. "ನಾನು ಒಳ್ಳೇದಕ್ಕೇ ಕಳಿಸಿದ್ದು ಮೇಡಂ" ಎಂದ. ಅದರಲ್ಲಿ ನನಗೆ ಸಂಶಯವಿಲ್ಲ. ದೂರದಲ್ಲಿರುವ ಮಕ್ಕಳ ಕಾಳಜಿಗೆ ಸುಲಭವಾಗಿ ಸಿಗುವ ದಾರಿ ಇದೊಂದೇ ಆಗಿಬಿಟ್ಟಿದೆ. ಇನ್ನು ಮುಂದೆ ಏನಾದರೂ ಓದಿ ಹೆದರಿಕೆಯಾದರೆ ಅಮ್ಮನಿಗೆ ಕಳಿಸುವ ಬದಲು ವೈದ್ಯರಿಗೆ ಫೋನ್ ಮಾಡಿ ಕೇಳು, ಸಾಧ್ಯವಾದರೆ ಮುಂದಿನ ತಪಾಸಣೆಗೆ ನೀನೇ ಕರೆದುಕೊಂಡು ಹೋಗು ಎಂದೆ. ದೀಪಾವಳಿಗೆ ಬಂದಾಗ ಹೋದ.

ಈಗ ಅಕ್ಕ ಉರಿ ಬಂದ ದಿನ ಮಾತ್ರ 20 ಮಿಲಿಗ್ರಾಂ ಮಾತ್ರೆ ತೆಗೆದುಕೊಳ್ಳುತ್ತಾರೆ, ಅದೂ ಯಾರಿಗೂ ಮುಚ್ಚಿಡದೆ. ನಿದ್ದೆ ಪರವಾಗಿಲ್ಲ. ಬಿ12 ಮತ್ತೆ ನೋಡಿಸಬೇಕಿದೆ. ಯಜಮಾನರ ಎರಡು ಹೃದಯದ ಮಾತ್ರೆಗಳಲ್ಲಿ ಒಂದನ್ನು ವೈದ್ಯರು ನಿಲ್ಲಿಸಿದ ದಿನ, ಅವರ ಗ್ಯಾಸ್ಟ್ರಿಕ್ ಮಾತ್ರೆ ಮುಂದುವರಿಯಬೇಕೇ ಎಂದು ಕೇಳುವ ಕೆಲಸವನ್ನು ಅಕ್ಕ ತಾವೇ ವಹಿಸಿಕೊಂಡಿದ್ದಾರೆ.