ಇದು ದೇವರ ಕರೆಯೋ ನನ್ನದೇ ಆಸೆಯೋ, ತಿಳಿಯುವುದು ಹೇಗೆ?

ವಯಸ್ಸು 26, ಕೈಯಲ್ಲಿ ಕೆಲಸ ಇದೆ, ಆದರೂ ಕ್ಯಾಥೋಲಿಕ್ ಗುರು, ಅಂದರೆ ಪಾದ್ರಿ, ಆಗಬೇಕೆಂಬ ಯೋಚನೆ ಎರಡು ವರ್ಷದಿಂದ ಬೆನ್ನು ಬಿಟ್ಟಿಲ್ಲ ಎಂದು ಬರೆದಿದ್ದೀರಿ. ಬಲಿಪೂಜೆಯ (ಚರ್ಚಿನ ಮುಖ್ಯ ಆರಾಧನೆಯ) ಹೊತ್ತಿಗೆ ಕಣ್ಣು ತುಂಬುತ್ತದೆ. ‘ನಿನ್ನಲ್ಲಿ ನಾಯಕತ್ವ ಇದೆ, ಸೆಮಿನರಿಗೆ (ಗುರುಗಳ ತರಬೇತಿ ಶಾಲೆಗೆ) ಸೇರು’ ಎಂದು ಚರ್ಚಿನಲ್ಲಿ ಎಲ್ಲರೂ ಹೇಳುತ್ತಾರೆ. ಇದು ನಿಜವಾದ ದೈವಕರೆಯಾ, ಸುಮ್ನೆ ಹುಚ್ಚಾ ಎಂಬುದು ನಿಮ್ಮ ಪ್ರಶ್ನೆ.

ಮೊದಲೇ ಹೇಳಿಬಿಡುತ್ತೇನೆ. ನಾನು ಆರು ವರ್ಷ ಸೆಮಿನರಿಯಲ್ಲಿದ್ದು, ಗುರುದೀಕ್ಷೆಗೆ ಮುಂಚೆ ಹೊರಗೆ ಬಂದವನು. ಈಗ ಹೆಂಡತಿ ಇದ್ದಾಳೆ, ಮಗಳಿದ್ದಾಳೆ. ಅರ್ಧ ದಾರಿಯಲ್ಲಿ ಬಿಟ್ಟವನ ಮಾತು ಎಂದೇ ಓದಿಕೊಳ್ಳಿ.

ಕಣ್ಣೀರನ್ನು ಜಾಸ್ತಿ ನಂಬಬೇಡಿ. ಅದು ಸುಳ್ಳು ಅಂತಲ್ಲ, ಬೇಗ ಬರುತ್ತದೆ, ಬೇಗ ಹೋಗುತ್ತದೆ. ಆಮೇಲೆ ಏನು ಉಳಿಯುತ್ತದೆ ನೋಡಿ. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಯುದ್ಧದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡ ಇಗ್ನೇಷಿಯಸ್ (ಮುಂದೆ ಯೇಸುಸಭೆ ಕಟ್ಟಿದ ಸಂತ), ಲೊಯೋಲಾದ ಮನೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದರು. ಓದಲು ವೀರರ ಕತೆ ಕೇಳಿದರು, ಮನೆಯಲ್ಲಿ ಇರಲಿಲ್ಲ. ಸಿಕ್ಕಿದ್ದು ಕ್ರಿಸ್ತನ ಮತ್ತು ಸಂತರ ಜೀವನಕತೆ. ಒಂದಷ್ಟು ಹೊತ್ತು ಒಬ್ಬ ದೊಡ್ಡ ಮನೆತನದ ಹೆಣ್ಣನ್ನು ಮೆಚ್ಚಿಸುವ ಕನಸು, ಇನ್ನೊಂದಷ್ಟು ಹೊತ್ತು ಸಂತರಂತೆ ಬದುಕುವ ಕನಸು. ಕಾಣುವಾಗ ಎರಡೂ ಹಿತವಾಗಿದ್ದವು. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು, ಎರಡನೆಯದು ಮುಗಿದ ಮೇಲೂ ಖುಷಿ ಹಾಗೇ ಇರುತ್ತಿತ್ತು. ನೀವೂ ಇದನ್ನು ಒಂದಾರು ತಿಂಗಳು ಬರೆದಿಟ್ಟುಕೊಳ್ಳಿ. ಬಲಿಪೂಜೆ ಮುಗಿಸಿ ಬಂದ ಭಾನುವಾರ ಅಲ್ಲ, ಮಂಗಳವಾರ ಮಧ್ಯಾಹ್ನ ಕೆಲಸದ ನಡುವೆ ಈ ಯೋಚನೆ ಬಂದಾಗ ಹೇಗನಿಸುತ್ತದೆ ಅನ್ನುವುದನ್ನು.

ಇನ್ನು ನಾಯಕತ್ವ. ನನಗೂ ಎಲ್ಲರೂ ಇದನ್ನೇ ಹೇಳಿದ್ದರು. ಮೂರನೇ ವರ್ಷಕ್ಕೇ ಒಳ್ಳೇ ಪ್ರಸಂಗ (ಚರ್ಚಿನ ಉಪದೇಶ) ಮಾಡುತ್ತಾನೆ ಎಂದು ಹೆಸರಾಗಿತ್ತು. ಆ ವರ್ಷ ಭಾನುವಾರಗಳಂದು ನಮ್ಮನ್ನು ಒಂದು ವೃದ್ಧಾಶ್ರಮಕ್ಕೆ ಕಳಿಸುತ್ತಿದ್ದರು, ಜೊತೆಗೆ ಒಬ್ಬ ಹಿರಿಯ ಫಾದರ್. ಅಲ್ಲೊಬ್ಬ ಅಜ್ಜ ಇದ್ದರು, ಮರೆವಿನ ಕಾಯಿಲೆ. ‘ಗಂಟೆ ಎಷ್ಟಪ್ಪಾ?’ ಎಂದು ಕೇಳುತ್ತಿದ್ದರು. ಹೇಳಿದರೆ ತಲೆಯಾಡಿಸುವುದು, ಎರಡು ನಿಮಿಷ ಬಿಟ್ಟು ಮತ್ತೆ ಕೇಳುವುದು. ಆರನೆಯ ಸಲಕ್ಕೋ ಏಳನೆಯ ಸಲಕ್ಕೋ ನಾನು ‘ಈಗ ತಾನೇ ಹೇಳಿದೆನಲ್ಲ ಅಜ್ಜಾ’ ಎಂದು ಸಿಡುಕಿಬಿಟ್ಟೆ.

ಮುಂದಿನ ವಾರ ಫಾದರ್ ತಮ್ಮ ಕೈಗಡಿಯಾರವನ್ನೇ ಬಿಚ್ಚಿ ಅಜ್ಜನಿಗೆ ಕಟ್ಟಿದರು. ಕೊನೆಯ ತೂತಿಗೆ ಹಾಕಿದರೂ ಪಟ್ಟಿ ಸಡಿಲ, ಕೈ ಎತ್ತಿದರೆ ಮೊಣಕೈ ಕಡೆಗೆ ಜಾರುತ್ತಿತ್ತು. ಅಜ್ಜ ಗಾಜನ್ನು ಹೆಬ್ಬೆರಳಲ್ಲಿ ಸವರುತ್ತಾ ಕೂತರು. ಸದ್ಯ, ತಾಪತ್ರಯ ತಪ್ಪಿತು ಅಂದುಕೊಂಡೆ. ಎಲ್ಲಿ ತಪ್ಪುತ್ತೆ! ಗಡಿಯಾರ ಕಟ್ಟಿದ ಅದೇ ಕೈಯಿಂದ ಫಾದರ್ ತೋಳು ಹಿಡಿದು ‘ಗಂಟೆ ಎಷ್ಟಪ್ಪಾ?’ ಎಂದರು. ಫಾದರ್ ಆ ಕೈಯನ್ನು ಮೆಲ್ಲಗೆ ತಿರುಗಿಸಿ, ನೋಡಿ, ‘ನಾಲ್ಕು ಹತ್ತು ಅಜ್ಜಾ’ ಎಂದರು. ಮತ್ತೆ ‘ನಾಲ್ಕು ಹನ್ನೆರಡು’. ಮತ್ತೆ ‘ನಾಲ್ಕೂಕಾಲು’. ಅವರ ದನಿಯಲ್ಲಿ ಸಹನೆಯೂ ಇರಲಿಲ್ಲ. ಸಹಿಸಿಕೊಳ್ಳುವಂಥದ್ದೇನೋ ನಡೆಯುತ್ತಿದೆ ಎಂದು ಅವರಿಗೆ ಅನಿಸಿಯೇ ಇರಲಿಲ್ಲ.

ನನಗೆ ಮೊದಲು ನಗು ಬಂತು, ರಾತ್ರಿ ಹೆದರಿಕೆಯಾಯಿತು. ನನಗೆ ಬೇಕಾಗಿದ್ದದ್ದು ಪ್ರಸಂಗಪೀಠ. ಆ ಅಜ್ಜ ಅಲ್ಲ. ಇದನ್ನು ಒಪ್ಪಿಕೊಳ್ಳಲು ಮತ್ತೆ ಮೂರು ವರ್ಷ ಹಿಡಿಯಿತು.

ಗುರುವಾಗುವುದು ಎಂದರೆ ಮೇಲೆ ಹೋಗುವುದು ಎಂಬ ಲೆಕ್ಕ ಇವತ್ತಿನದಲ್ಲ. 391ರಲ್ಲಿ ಉತ್ತರ ಆಫ್ರಿಕಾದ ಹಿಪ್ಪೋ ಊರಿಗೆ ಬಂದಿದ್ದ ಸಂತ ಅಗಸ್ಟೀನರನ್ನು ಜನ ಚರ್ಚಿನಲ್ಲೇ ಹಿಡಿದು ನಿಲ್ಲಿಸಿ ಗುರುವಾಗಿ ಮಾಡಿಸಿದರು. ಅವರು ಅತ್ತರು. ಪಕ್ಕದಲ್ಲಿದ್ದ ಕೆಲವರು, ಪಾಪ, ಬಿಷಪ್ ಪದವಿ ಸಿಗಲಿಲ್ಲ ಎಂದು ಅಳುತ್ತಿದ್ದಾರೆ ಅಂದುಕೊಂಡು, ಗುರುವಾದರೆ ಬಿಷಪ್ ಆಗುವುದು ದೂರವಿಲ್ಲ ಎಂದು ಸಮಾಧಾನ ಮಾಡಿದರಂತೆ! ಅವರು ಅಳುತ್ತಿದ್ದದ್ದು ಜನರ ಭಾರ ನೆನೆದು.

ಇನ್ನೊಂದು ಕಡೆ ಸಂತ ಜಾನ್ ವಿಯಾನ್ನಿ ಎಂಬ ಗುರು. ಲ್ಯಾಟಿನ್ ತಲೆಗೆ ಹತ್ತದೆ ಓದಿನಲ್ಲಿ ಒದ್ದಾಡಿದವರು. 1818ರಲ್ಲಿ ಫ್ರಾನ್ಸಿನ ಆರ್ಸ್ ಎಂಬ ಹಳ್ಳಿಗೆ ಕಳಿಸಿದರು, ಅಲ್ಲಿದ್ದದ್ದು ಸುಮಾರು 230 ಜನ. 1859ರಲ್ಲಿ ಸಾಯುವವರೆಗೂ ಅಲ್ಲೇ. ದಿನದ ಬಹುಪಾಲು ಪಾಪನಿವೇದನೆ (ಜನ ಬಂದು ಹೇಳಿಕೊಳ್ಳುವ ತಪ್ಪೊಪ್ಪಿಗೆ) ಕೇಳುತ್ತಾ ಕೂತಿರುತ್ತಿದ್ದರು. ಹಾಗಂತ ಮಧ್ಯೆ ಓಡಿಹೋಗಲು ನೋಡಲಿಲ್ಲ ಅಂತಲ್ಲ, ಒಂದಲ್ಲ ಹಲವು ಸಲ ಹೊರಟರು, ಮತ್ತೆ ಬಂದರು. ಈ ಸಂಗತಿ ನನಗೆ ಬಹಳ ಇಷ್ಟ. ಓಡಿಹೋಗುವ ಆಸೆ ಬಂತು ಎಂದ ಮಾತ್ರಕ್ಕೆ ಕರೆ ಸುಳ್ಳು ಎಂದು ತೀರ್ಮಾನಿಸಬೇಡಿ.

ಇದನ್ನು ಒಬ್ಬರೇ ಕೂತು ನಿರ್ಧರಿಸಲೂ ಬೇಡಿ. ಬೈಬಲಿನಲ್ಲಿ ಹುಡುಗ ಸಮುವೇಲನನ್ನು ದೇವರು ಹೆಸರು ಹಿಡಿದು ಕೂಗಿದರೂ ಅವನು ಮೂರು ಸಲವೂ ಎದ್ದು ಓಡಿದ್ದು ಯಾಜಕ ಏಲಿಯ ಹತ್ತಿರ. ‘ನೀನು ಕರೆದೆಯಲ್ಲ’ ಎಂದ. ಇದು ದೇವರ ದನಿ ಎಂದು ಗುರುತು ಹಿಡಿದದ್ದು ಕಣ್ಣು ಮಂಜಾಗಿದ್ದ ಆ ಮುದುಕ. ಅದೂ ಎಂಥವನು? ಸ್ವಂತ ಮಕ್ಕಳನ್ನೇ ತಿದ್ದಲಾಗದವನು. ನಿಮಗೂ ಒಬ್ಬ ಏಲಿ ಬೇಕು. ಹೊಗಳದ, ಅವಸರಪಡಿಸದ ಒಬ್ಬ ಫಾದರ್ ಅಥವಾ ಸಿಸ್ಟರ್.

ಸೇರಿದರೆ ಸಿಕ್ಕಿಹಾಕಿಕೊಂಡೆ ಎಂಬ ಹೆದರಿಕೆ ಬೇಡ. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಬರೆದ ಮಠದ ನಿಯಮದ ಪ್ರಕಾರ, ಬಂದವನನ್ನು ನಾಲ್ಕೈದು ದಿನ ಬಾಗಿಲು ತಟ್ಟಲು ಬಿಡಬೇಕು. ಒಳಗೆ ಬಿಟ್ಟ ಮೇಲೆ ಒಂದು ವರ್ಷದಲ್ಲಿ ಮೂರು ಸಲ ಇಡೀ ನಿಯಮವನ್ನು ಓದಿ ಹೇಳಬೇಕು, ಆಗುವುದಿಲ್ಲ ಎಂದರೆ ಹೋಗಲು ಬಿಡಬೇಕು. ಇವತ್ತಿಗೂ ಸನ್ಯಾಸ ಸಭೆಗಳಲ್ಲಿ ಕಡಿಮೆ ಎಂದರೆ 12 ತಿಂಗಳ ನವಶಿಷ್ಯತ್ವ (ವ್ರತಕ್ಕೆ ಮುಂಚಿನ ಪರೀಕ್ಷೆಯ ಅವಧಿ), ಆಮೇಲೆ ಮೂರು ವರ್ಷವಾದರೂ ತಾತ್ಕಾಲಿಕ ವ್ರತ, ಅದಾದ ಮೇಲಷ್ಟೇ ಕೊನೆಯ ವ್ರತ.

ಅದೇ ಬೆನೆಡಿಕ್ಟ್ ಮಠಾಧಿಪತಿಗೆ ಹೇಳುವ ಮಾತೊಂದಿದೆ: ಕಿಲುಬು ಉಜ್ಜುವ ಭರದಲ್ಲಿ ಪಾತ್ರೆ ಒಡೆದುಬಿಡಬೇಡ. ನಮ್ಮ ಮೇಲ್ವಿಚಾರಕರೊಬ್ಬರಿಗೆ ಈ ಮಾತು ಬಾಯಿಪಾಠ ಬರುತ್ತಿತ್ತು, ಆದರೂ ಅವರ ಹೆಜ್ಜೆ ಸದ್ದಿಗೆ ನಾವು ಮಾತು ನಿಲ್ಲಿಸುತ್ತಿದ್ದೆವು. ನನ್ನ ಜೊತೆಗಿದ್ದ ಒಬ್ಬ, ನನಗಿಂತ ಎಷ್ಟೋ ಒಳ್ಳೆಯವನು, ಅವರ ಕಾಲದಲ್ಲೇ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಪೆಟ್ಟಿಗೆ ಕಟ್ಟಿಕೊಂಡು ಹೊರಟುಹೋದ. ನನ್ನ ಹಾಸಿಗೆ ಮೇಲೆ ಅವನ ಜಪಮಾಲೆ ಇತ್ತು.

ಹಾಗಾಗಿ ಸೆಮಿನರಿ ನೋಡಲು ಹೋದಾಗ ಕಟ್ಟಡ, ಗ್ರಂಥಾಲಯ ನೋಡಿ ಬರಬೇಡಿ. ಹುಡುಗರು ಊಟದ ಮನೆಯಲ್ಲಿ ಹೇಗೆ ನಗುತ್ತಾರೆ ನೋಡಿ. ಸದ್ಯಕ್ಕೆ ಕೆಲಸ ಬಿಡಬೇಡಿ. ಅಲ್ಲಿನ ಹಿರಿಯರಿಗೆ ಒಂದು ಪ್ರಶ್ನೆ ಕೇಳಿ: ‘ನನ್ನ ಆತ್ಮಿಕ ಮಾರ್ಗದರ್ಶಕರಿಗೆ ನಾನು ಹೇಳಿಕೊಂಡದ್ದು ನಿಮ್ಮ ಕಿವಿಗೆ ಬೀಳುತ್ತದಾ?’ ಒಬ್ಬನಿಗೆ ದೀಕ್ಷೆ ಕೊಡಬೇಕೋ, ಮನೆಗೆ ಕಳಿಸಬೇಕೋ ಎಂದು ತೀರ್ಮಾನಿಸುವಾಗ ಅವನ ಮಾರ್ಗದರ್ಶಕರ ಅಭಿಪ್ರಾಯವನ್ನಾಗಲಿ ಪಾಪನಿವೇದನೆ ಕೇಳಿದವರ ಅಭಿಪ್ರಾಯವನ್ನಾಗಲಿ ಕೇಳುವಂತೆಯೇ ಇಲ್ಲ. 1983ರ ಕ್ಯಾಥೋಲಿಕ್ ಧರ್ಮಸಭೆಯ ಕಾನೂನಿನ 240ನೇ ನಿಯಮ ಇದು. ಅವರು ಅದನ್ನು ನಿಮಗೆ ಬಿಡಿಸಿ ಹೇಳುತ್ತಾರೋ, ಯಾಕೆ ಕೇಳಿದೆ ಎಂದು ಮುಖ ಗಂಟಿಕ್ಕುತ್ತಾರೋ ನೋಡಿಕೊಂಡು ಬನ್ನಿ. ಬಂದ ಮೇಲೆ ಇಲ್ಲೇ ಕೆಳಗೆ ಬರೆಯಿರಿ, ನನಗೂ ಕುತೂಹಲ ಇದೆ.