ಒಂದು ರನ್ನಿಂದ ಸೋತೆವು, ಆ ಒಂದು ರನ್ ನನ್ನದು

“ಊರ ತಂಡಕ್ಕೆ ಆಡುವಾಗ ಕೂದಲೆಳೆ ಅಂತರದಲ್ಲಿ ಸೋತ ಪಂದ್ಯ ಯಾವುದು? ತಪ್ಪು ಯಾರದಾಗಿತ್ತು?” ಅಂತ ಕೇಳಿದ್ದೀರಿ.

ತಪ್ಪು ನನ್ನದು. ಆದರೆ ನಮ್ಮೂರಲ್ಲಿ ಹೋಗಿ ಕೇಳಿದರೆ ಬೇರೆಯೇ ಉತ್ತರ ಸಿಗುತ್ತದೆ. ಅಲ್ಲಿ ಅಪರಾಧಿಗಳು ಇಬ್ಬರು. ಒಬ್ಬ ಅಂಪೈರ್, ಇನ್ನೊಬ್ಬ ನನ್ನ ಚಿಕ್ಕಪ್ಪನ ಮಗ.

ನಮ್ಮೂರು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆಯ ದಂಡೆ ಹತ್ತಿರ. ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆಯೇ ಮೈದಾನ. ಎರಡು ಬದು ಕಡಿದು ಸಮ ಮಾಡಿ, ನೀರು ಹಾಕಿ, ರೋಲರ್ ಎಳೆದರೆ ಪಿಚ್ ತಯಾರು. ಟೆನಿಸ್ ಬಾಲ್, ಎಂಟು ಓವರ್, ಎಲ್‌ಬಿಡಬ್ಲ್ಯು ಇಲ್ಲ. 2017ರ ಫೆಬ್ರವರಿಯಲ್ಲಿ ಸುತ್ತಲಿನ ಎಂಟು ಊರಿನವರು ಸೇರಿ ಲೀಗ್ ಮಾಡಿದ್ದರು. ನಾಲ್ಕು ತಂಡದ ಎರಡು ಗುಂಪು, ಪ್ರತಿ ಗುಂಪಿನಿಂದ ಎರಡು ತಂಡ ಸೆಮಿಫೈನಲ್‌ಗೆ.

ನಾವು ಒಂದು ಗೆದ್ದು ಒಂದು ಸೋತಿದ್ದೆವು. ಕೊನೆಯ ಲೀಗ್ ಪಂದ್ಯ ಹೊಳೆಯಾಚೆಯ ಊರಿನ ಮೇಲೆ. ಅವರದೂ ಅದೇ ಲೆಕ್ಕ. ಗೆದ್ದವರು ಒಳಗೆ, ಸೋತವರು ಮನೆಗೆ. ಟೈ ಆದರೂ ನಮಗೆ ಅಡ್ಡಿಯಿರಲಿಲ್ಲ, ಯಾಕೆಂದರೆ ರನ್‌ರೇಟ್ ನಮ್ಮದು ಚೆನ್ನಾಗಿತ್ತು. ಇದನ್ನು ನೆನಪಿಡಿ.

ಅವರು 67 ಹೊಡೆದರು. ನಮ್ಮ ಬ್ಯಾಟಿಂಗ್ ಶುರುವಾದಾಗ ಮೂರು ಗಂಟೆ. ಕರಾವಳಿಯವರಿಗೆ ಗೊತ್ತಿರುತ್ತದೆ, ಆ ಹೊತ್ತಿಗೆ ಪಡುವಣ ಗಾಳಿ ಜೋರು. ಸಮುದ್ರದ ಕಡೆ ಎತ್ತಿ ಹೊಡೆದರೆ ಬಾಲು ಆಕಾಶದಲ್ಲೇ ನಿಂತುಬಿಡುತ್ತದೆ. ಬೆಳಿಗ್ಗೆ ತೆಂಗಿನ ಮರ ದಾಟುವ ಸಿಕ್ಸರ್, ಮಧ್ಯಾಹ್ನ ಗೆರೆಯೊಳಗೇ ಬೀಳುತ್ತದೆ. ಆರನೇ ಓವರಿನಲ್ಲಿ ನಾನು ಹೊಡೆದದ್ದೂ ಹಾಗೇ ಆಯಿತು. ಸಿಕ್ಸ್ ಅಂತಲೇ ಅಂದುಕೊಂಡು ಎರಡು ಹೆಜ್ಜೆ ಸುಮ್ನೆ ನಡೆದೆ. ಬಾಲು ಬದುವಿನ ಈಚೆ ಬಿತ್ತು. ಆಮೇಲೆ ಓಡಿದೆ ನೋಡಿ!

ಬಾಲು ಬಿದ್ದದ್ದು ನನ್ನ ಬೆನ್ನ ಹಿಂದೆ. ಆಚೆ ತುದಿಗೆ ಹೋಗಿ ತಿರುಗುವಾಗ ನನ್ನ ಕಣ್ಣು ಕ್ರೀಸಿನ ಗೆರೆಯ ಮೇಲಿರಲಿಲ್ಲ, ಫೀಲ್ಡರ್ ಮೇಲಿತ್ತು. ಹಿಂದೆ ನೋಡುತ್ತಲೇ ಬ್ಯಾಟನ್ನು ನೆಲಕ್ಕೆ ಕುಕ್ಕಿ, ಹಾಗೇ ಹಿಂದಕ್ಕೆ ಓಡಿಬಂದೆ. ಬ್ಯಾಟನ್ನು ಉದ್ದಕ್ಕೆ ಚಾಚಿ ನೆಲದ ಮೇಲೆ ಜಾರಿಸಬೇಕು ಅನ್ನೋದು ಗೊತ್ತಿಲ್ಲದ್ದೇನಲ್ಲ. ಗಡಿಬಿಡಿ, ಅಷ್ಟೆ.

ಮೈಕಿನವನು “ಎರಡು ರನ್!” ಅಂದ. ಬಾಲು ಬೌಲರ್ ಕೈಗೆ ಬಂದಮೇಲೆ ಅಂಪೈರ್ ಕೈ ಮಡಚಿ ಬೆರಳ ತುದಿಯಿಂದ ತನ್ನ ಭುಜ ಮುಟ್ಟಿಕೊಂಡ. ಅವನು ಇನ್ನೊಂದು ಗುಂಪಿನ ತಂಡದ ಹುಡುಗ, ನಮಗೂ ಬೇಡ ಅವರಿಗೂ ಬೇಡ. ಮೊದಲು ಯಾರಿಗೂ ತಿಳಿಯಲಿಲ್ಲ. ಭುಜಕ್ಕೆ ಇರುವೆ ಕಚ್ಚಿತೇನೋ ಅಂದುಕೊಂಡವರೂ ಇದ್ದರು. ಸ್ಕೋರರ್ ಎದ್ದುಬಂದು ಕೇಳಿದ ಮೇಲೆ ಗೊತ್ತಾಯಿತು, ಅದು ಶಾರ್ಟ್ ರನ್, ಅಂದರೆ ತಿರುಗುವಾಗ ಬ್ಯಾಟು ಕ್ರೀಸ್ ತಲುಪದ ರನ್. ಎರಡರಲ್ಲಿ ಒಂದಕ್ಕೆ ಕತ್ತರಿ.

ಗಲಾಟೆ ಶುರು. ನಮ್ಮ ಕ್ಯಾಪ್ಟನ್ ಓಡಿಬಂದು ನನ್ನ ಬ್ಯಾಟನ್ನು ಕಸಿದುಕೊಂಡು ತಲೆಕೆಳಗೆ ಹಿಡಿದ. ತುದಿಯಲ್ಲಿ ಬೆಳ್ಳಗೆ ಒಂದು ಬೆರಳಗಲ ಸುಣ್ಣ. “ನೋಡು ಮಾರಾಯಾ, ಗೆರೆ ಮುಟ್ಟದೆ ಇದು ಎಲ್ಲಿಂದ ಬಂತು?” ಅಂತ ಅಂಪೈರ್ ಮೂಗಿಗೆ ಹಿಡಿದ. ಅಂಪೈರ್ ಬಗ್ಗಲಿಲ್ಲ. ಮುಂದಿನ ಓವರಿನಲ್ಲಿ ನಾನು ಕ್ಯಾಚಿತ್ತು ಔಟಾದೆ.

ಕೊನೆಯ ಓವರಿಗೆ 9 ಬೇಕಿತ್ತು. ಕೊನೆಯ ಎಸೆತಕ್ಕೆ ಸ್ಕೋರ್ 65. ಎರಡು ಬಂದರೆ ಟೈ. ಚಿಕ್ಕಪ್ಪನ ಮಗ ಹೊಡೆದ, ಒಂದು ಓಡಿದ, ಎರಡನೆಯದಕ್ಕೆ ತಿರುಗಿದ, ಕೀಪರ್ ಕಡೆ ರನೌಟ್. 66. ಆಚೆ ಊರಿನವರು ಗರ್ನಾಲ್ ಹೊಡೆದರು. ನಾವು ಮುರುಗಲು ಪಾನಕ ಕುಡಿದು ಬೈಕು ಹತ್ತಿದೆವು.

ಆಮೇಲೆ ಮದುವೆಮನೆಯಿರಲಿ, ಬಂಡಿಹಬ್ಬವಿರಲಿ, ಆ ಹುಡುಗ ಕಂಡರೆ ಸಾಕು, “ಸ್ವಲ್ಪ ಜೋರಾಗಿ ಓಡಬಾರದಿತ್ತನಾ ತಮಾ?” ಅನ್ನೋದೇ ಆಯಿತು. ಅವನು ಆಗ ಹತ್ತೊಂಬತ್ತರವನು, ನಕ್ಕು ಸುಮ್ಮನಾಗುತ್ತಿದ್ದ. ನಾನೂ ಅಂಪೈರನ್ನು ಬೈಯುತ್ತಾ ಆರಾಮಾಗಿದ್ದೆ. ಸುಣ್ಣದ ಸಾಕ್ಷಿ ಇತ್ತಲ್ಲ!

2020ರ ಸೆಪ್ಟೆಂಬರ್ 20ಕ್ಕೆ ದುಬೈನಲ್ಲಿ ಐಪಿಎಲ್ ಪಂದ್ಯ, ದೆಹಲಿ ಮತ್ತು ಪಂಜಾಬ್. ಪಂಜಾಬಿಗೆ ನಮ್ಮ ರಾಹುಲ್ ಕ್ಯಾಪ್ಟನ್, ನಮ್ಮ ಮಯಾಂಕ್ 89 ಹೊಡೆದಿದ್ದರು. 19ನೇ ಓವರಿನಲ್ಲಿ ಪಂಜಾಬಿನ ಜೋರ್ಡನ್ ಓಡಿದ ಒಂದು ರನ್ ಶಾರ್ಟ್ ಅಂತ ಅಂಪೈರ್ ಕೊಟ್ಟರು. ರೀಪ್ಲೇಯಲ್ಲಿ ಬ್ಯಾಟು ಸರಿಯಾಗೇ ಒಳಗಿತ್ತು. ಪಂದ್ಯ 157ಕ್ಕೆ ಟೈ ಆಗಿ, ಸೂಪರ್ ಓವರಿನಲ್ಲಿ ಪಂಜಾಬ್ ಸೋತಿತು. ಮರುದಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದೇ ಮಾತು: ನಮಗೂ ಹೀಗೇ ಮೋಸ ಆಗಿತ್ತು.

ನಾನು ಹುರುಪಿನಲ್ಲಿ ನಿಯಮ ಹುಡುಕಿ ಓದಲು ಕೂತೆ. ಓದಿ ಎದೆ ಧಸಕ್ಕೆಂದಿತು. ಕ್ರೀಸ್ ಅಂದರೆ ಸುಣ್ಣದ ಪಟ್ಟೆ ಪೂರ್ತಿ ಅಲ್ಲ, ಸ್ಟಂಪಿನ ಕಡೆಗಿರುವ ಅದರ ಒಳ ಅಂಚು ಮಾತ್ರ. ಬ್ಯಾಟು ಆ ಅಂಚು ದಾಟಿ ಒಳಗೆ ನೆಲ ಮುಟ್ಟಬೇಕು. ಗೆರೆಯ ಮೇಲಿದ್ದರೆ ಹೊರಗಿದ್ದ ಹಾಗೇ. ಜಾರಿಸಿಕೊಂಡು ಹೋದ ಬ್ಯಾಟಿಗೂ ಸುಣ್ಣ ಹತ್ತುತ್ತದೆ ನಿಜ. ಆದರೆ ನಾನು ಜಾರಿಸಿರಲಿಲ್ಲ, ಕುಕ್ಕಿದ್ದೆ. ಕುಕ್ಕಿದ ಜಾಗ ಸುಣ್ಣ. ನಾವು ಅಷ್ಟು ವರ್ಷ ಎತ್ತಿ ತೋರಿಸಿದ ಸಾಕ್ಷಿ ಅಂಪೈರ್ ಕಡೆಯದಾಗಿತ್ತು.

ಇನ್ನೊಂದು ಲೆಕ್ಕವೂ ಆಗಲೇ ಹೊಳೆಯಿತು. ನನ್ನ ರನ್ ಉಳಿದಿದ್ದರೆ ಕೊನೆಯ ಎಸೆತಕ್ಕೆ ಸ್ಕೋರ್ 66 ಇರುತ್ತಿತ್ತು. ಟೈಗೆ ಒಂದೇ ಸಾಕು, ಆ ಒಂದನ್ನು ಹುಡುಗ ಓಡಿ ಮುಗಿಸಿಯೇ ಇದ್ದ.

ಅವನು ಈಗ ಗೋವಾದಲ್ಲಿ ಕೆಲಸಕ್ಕಿದ್ದಾನೆ. ಅವತ್ತು ರಾತ್ರಿಯೇ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ.

“ಅಣ್ಣಾ, ಇದನ್ನ ಗುಂಪಿಗೆ ಹಾಕಿದ್ಯಾ?”

“ಇಲ್ಲ.”

“ಹಾಕು ಮೊದಲು. ಆಮೇಲೆ ಫೋನ್ ಮಾಡು.”

ಹಾಕಿದೆ. ಕ್ಯಾಪ್ಟನ್ ಇವತ್ತಿಗೂ ಒಪ್ಪಿಲ್ಲ. ಆ ಅಂಪೈರ್ ಟಿವಿ ನೋಡಿ ಕಲಿತವನು, ಅವನಿಗೆ ಒಳ ಅಂಚು ಹೊರ ಅಂಚು ಎಂತ ಗೊತ್ತು ಅಂತ ಅವನ ವಾದ.